ಮೇಷ್ಟ್ರ ಕಣದಲ್ಲಿ ಗೌಡರ ಲಗ್ನಪತ್ರಿಕೆ

ನನ್ನಂಥ ಧೈರ್ಯವಂತ ಪಾಂಡವಪುರ ತಾಲೂಕಿನಲ್ಲೇ ಇನ್ನೊಬ್ಬನಿಲ್ಲ. ಆದರೂ ಮೈ ಬೆವರುವಂಥವೆಲ್ಲ ಹುಡುಕಿಕೊಂಡು ಬರುವುದು ನನ್ನ ಅಂಗಡಿಗೇ. ತೊಂಬತ್ತರ ದಶಕದ ಕೊನೆಗೆ ಲಗ್ನಪತ್ರಿಕೆ ಟೈಪು ಮಾಡಲು ಕಂಪ್ಯೂಟರ್ ತಂದೆ. ಸುತ್ತ ನಾಲ್ಕು ತಾಲೂಕಿಗೆ ಅದೊಂದೇ ಎಂದು ಸಾರಿಕೊಂಡು ಬಂದೆ. ಇನ್ನೊಂದು ಎದುರು ಬೀದಿಯಲ್ಲೇ ಇತ್ತು.

೧. ನೀನ್ಯಾರು?

ಕಂಪ್ಯೂಟರಿನಲ್ಲಿ ಪಾಲುದಾರರು ನಾಗಮಂಗಲದ ಕಾಲೇಜು ಮೇಷ್ಟ್ರು. ಒಂದೇ ಪೆಟ್ಟಿಗೆಯನ್ನು ಓಡಿಸಲು ಎರಡು ವ್ಯವಸ್ಥೆ: ಹಗಲು ನನ್ನ ವಿಂಡೋಸ್, ಸಂಜೆ ಅವರ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕೆಂದು ಬೇಗ ಹೇಳದಿದ್ದರೆ ಲಿನಕ್ಸೇ ಬಂದು ಕೂರುತ್ತದೆ. ಒಂದು ಬೆಳಿಗ್ಗೆ ನಾನು ಊದುಬತ್ತಿ ಹಚ್ಚುವಷ್ಟರಲ್ಲಿ ಪರದೆ ಕಪ್ಪಾಗಿ, ಬಿಳಿ ಅಕ್ಷರ ಸರಸರ ಓಡಿ, ಹೆಸರು ಕೇಳಿತು. ತಂದೆ ಹೆಸರು ಸಮೇತ ಹೊಡೆದೆ. ತಪ್ಪು ಅಂತು. ಮೇಷ್ಟ್ರು ಬರುವವರೆಗೆ ನನ್ನ ಅಂಗಡಿ ಮುಂದೆ ನಾನೇ ಗಿರಾಕಿಯಂತೆ ಕೂತಿದ್ದೆ.

೨. ಕಣ

ಡಿಸ್ಕು ಚಿಕ್ಕದು. ಕೆಲಸದ ನಡುವೆ ಸಾಮಾನು ಹರಡಿಕೊಳ್ಳಲು ಎರಡಕ್ಕೂ ಬೇರೆಬೇರೆ ಜಾಗ ಇರಲಿಲ್ಲ. ಮೇಷ್ಟ್ರು ಒಂದೇ ಜಾಗ ಇಬ್ಬರಿಗೂ ಹಂಚಿದರು. ಅದರ ಹೆಸರು ಸ್ವಾಪು.

"ಅಣ್ಣ, ಇದು ಅಣ್ಣತಮ್ಮಂದಿರ ಒಂದೇ ಕಣ ಇದ್ದಂಗೆ. ನಿಮ್ಮ ಒಕ್ಕಣೆ ಮುಗಿದ ಮೇಲೆ ಲಿನಕ್ಸು ಅಲ್ಲಿರೋದನ್ನೆಲ್ಲ ಗುಡಿಸಿ ತನ್ನ ಒಕ್ಕಣೆ ಮಾಡ್ತದೆ. ಅಲ್ಲೇನೂ ಮಡಗಬೇಡಿ."

ನನಗೇ ಕಣದ ಪಾಠವೇ ಎಂದು ನಕ್ಕೆ. ವಿಂಡೋಸಿನಲ್ಲಿ ಅದು ಡಿ ಡ್ರೈವಾಗಿ ಕಾಣುತ್ತಿತ್ತು. ಯಾವಾಗ ನೋಡಿದರೂ ಖಾಲಿ, ಚೊಕ್ಕಟ. ಇಂಥ ಜಾಗ ಬೀಳು ಬಿಟ್ಟಿದ್ದಾರಲ್ಲ, ಎಷ್ಟು ಓದಿದರೇನು ಬಂತು ಎಂದು ಮೇಷ್ಟ್ರ ಮೇಲೆ ಕನಿಕರಪಟ್ಟೆ.

೩. ಗೌಡರು

ಕ್ಯಾತನಹಳ್ಳಿ ಗೌಡರು ಕೆಮ್ಮಿದರೆ ಕಬ್ಬಿನ ಗಾಡಿ ಎತ್ತು ನಿಲ್ಲುತ್ತಿದ್ದವು. ಅವರ ಮಗಳ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನೆಂಟರೆಲ್ಲ ನನ್ನ ಅಂಗಡಿಯಲ್ಲೇ ದಿನವಿಡೀ ಜಗಳವಾಡಿದರು. ಮೊದಲ ಹೆಸರು ತನ್ನದಲ್ಲದಿದ್ದರೆ ಮದುವೆಗೇ ಬರಲ್ಲ ಎಂದು ಪಟ್ಟು ಹಿಡಿದು ಗೌಡರ ದೊಡ್ಡ ಭಾಮೈದ ಗೆದ್ದ. ಒಪ್ಪಿದ್ದನ್ನೆಲ್ಲ ಟೈಪು ಮಾಡಿ ಡಿ ಡ್ರೈವಿಗೆ ಹಾಕಿದೆ. ಸಂಜೆ ಮೇಷ್ಟ್ರು ಬಂದು ತಮ್ಮ ಒಕ್ಕಣೆ ಮಾಡಿಕೊಂಡು ಹೋದರು.

ಬೆಳಿಗ್ಗೆ ಕಣ ಚೊಕ್ಕಟ, ಪತ್ರಿಕೆ ಮಾಯ, ಬಾಗಿಲಲ್ಲಿ ಗೌಡರು. ಹೇಗೋ ಕಣದ ಕತೆ ಹೇಳಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಸೇರಿಸಿ, ಏಟಿಗೆ ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಗೌಡರೇ ಬೆವೆತಿದ್ದರು. ಆ ನೆಂಟರನ್ನು ಮತ್ತೆ ಕೂಡಿಸಬೇಕಲ್ಲ!

ಸದ್ದಿಲ್ಲದೆ ಇಬ್ಬರೂ ನೆನಪು ಮಾಡಿಕೊಂಡು ಮತ್ತೆ ಟೈಪು ಮಾಡಲು ಕೂತೆವು. ಭಾಮೈದನ ಹೆಸರಿಗೆ ಬೆರಳಿಡುವಾಗ ಗೌಡರು ನನ್ನ ಕೈ ಹಿಡಿದು, ಹೊರಗೊಮ್ಮೆ ಇಣುಕಿದರು.

"ಲೇ, ಅಲ್ಲಿ ಮಡಗಿದ್ದು ಹೋದ್ರೆ ಯಾರ ತಪ್ಪೂ ಅಲ್ಲ ಅಂದ್ಯಲ್ಲಾ?"

"ಹೂಂ ಗೌಡ್ರೆ, ಮಿಷಿನ್ನಿನ ಗುಣ."

"ಅಂಗಾದ್ರೆ ಇವನೊಬ್ಬನ್ನ ಅಲ್ಲೇ ಮಡಗ್ಬುಡ್ಲಾ."