ಓರೆಗೀಟುಗಳ ನಡುವಿನ ಶ್ರೀಕಾರ

ಶ್ರೀಕಾರ ಹಾಕದೆ ನಾನು ಇಸ್ತ್ರಿಗೆ ಕೊಟ್ಟ ಬಟ್ಟೆಯ ಚೀಟಿಯನ್ನೂ ಬರೆದವನಲ್ಲ. ಎರಡು ನಿಂತ ಗೀಟು, ಶ್ರೀ, ಮತ್ತೆರಡು ಗೀಟು. ಉಳಿದ ಮಾತೆಲ್ಲ ಆಮೇಲೆ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಬೆಳಗಾವಿಯ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಾಗ ಯಜಮಾನರು ಕಲಿಸಿದ ಮೊದಲ ಪಾಠ ಅದು. ಮಡಗಾಂವ್‌ನಲ್ಲಿ ಸ್ವಂತ ಪೈಪಿನ ಅಂಗಡಿ ಇಟ್ಟದ್ದು, ಮಗಳನ್ನು ಪಣಜಿಗೆ ಕಂಪ್ಯೂಟರ್ ಕಲಿಯಲು ಕಳಿಸಿದ್ದು, ಎಲ್ಲ ಅದರ ಕೃಪೆ ಎಂದು ನಾಲ್ಕು ಜನರೆದುರು ಹೇಳುತ್ತೇನೆ. ನನ್ನ ರಟ್ಟೆಯ ಕೃಪೆ ಎಂಬುದು ಒಳಗಿನ ಮಾತು.

ಮಗಳು ಶೈಲಾ ಕಲಿಯುತ್ತಿದ್ದಂತೆ ಅಂಗಡಿಗೂ ಒಂದು ಕಂಪ್ಯೂಟರ್ ಬಂತು, ಜೊತೆಗೆ ಕಿರುಗುಟ್ಟುವ ಪ್ರಿಂಟರ್. ಇದ್ದಬದ್ದ ಮಾಲಿನ ಹೆಸರೆಲ್ಲ ಅದರೊಳಗೆ ತುಂಬಿ, ಹುಡುಕುವುದಕ್ಕೆಂದು ಅವಳೇ ಪರ್ಲ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದಳು. ಭಾಷೆಯೋ ಅದು! ಬರೀ ಕಾಗೆಕಾಲು ಗುಬ್ಬಿಕಾಲು. ಸಮಚಿಹ್ನೆಯ ಬಾಲಕ್ಕೊಂದು ಹಾವಿನಂಥ ಗೆರೆ. ಹಾಗೆಂದರೆ ‘ಇದರೊಳಗೆ ಅದನ್ನು ಹುಡುಕು’ ಅಂತ. ಹುಡುಕುವ ಪದಕ್ಕೆ ಆಚೆಗೊಂದು ಈಚೆಗೊಂದು ಓರೆಗೀಟು, ಹಿತ್ತಲಿಗೆ ಬೇಲಿ ಹಾಕಿದ ಹಾಗೆ. “ಅಪ್ಪಾ, ಈ ಎರಡು ಓರೆಗೀಟಿನ ನಡುವ ನಿಮಗೇನ ಬೇಕೋ ಅದನ್ನ ಬರೀರಿ, ಮುಗೀತು” ಅಂದಳು. ನಾನು ಕೂಡಲೇ ಎದುರಂಗಡಿಯ ಧಾರವಾಡದ ದೇಸಾಯರಿಗೆ ಹೇಳಿ ಬಂದೆ: “ಇನ್ನ ಮ್ಯಾಲೆ ಮಾಲು ಹುಡುಕಾಕ ನಾ ಏಣಿ ಹತ್ತಂಗಿಲ್ಲ ನೋಡ್ರಿ.”

ಮರುದಿನವೇ ನಾಯ್ಕರು ಬಂದರು. ಕೋಲ್ವಾದಲ್ಲಿ ಹೋಟೆಲ್ ಕಟ್ಟಿಸುತ್ತಿದ್ದ ಕಂತ್ರಾಟುದಾರರು. ಪೈಪಿನ ತಿರುವಿಗೆ ಹಾಕುವ ಹಿತ್ತಾಳೆ ಎಲ್ಬೋ ನನ್ನಲ್ಲಿದ್ದರೆ ಇಡೀ ಹೋಟೆಲಿನ ಮಾಲು ನನ್ನದೇ, ಇಲ್ಲದಿದ್ದರೆ ದೇಸಾಯರದು. ನಾನು ಠೀವಿಯಿಂದ ಕೂತು, ಓರೆಗೀಟುಗಳ ನಡುವೆ ಮೊದಲು ಶ್ರೀಕಾರ ಹಾಕಿ, ಆಮೇಲೆ ಎಲ್ಬೋ ಎಂದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಪ್ರಿಂಟರ್ ಕಿರುಗುಟ್ಟಿತು. ಕಮೋಡು, ಶವರು, ನಲ್ಲಿ, ಮೊಳೆ, ಸಿಮೆಂಟು... ಅಂಗಡಿಯಲ್ಲಿದ್ದದ್ದೆಲ್ಲ ಹೊರಬರತೊಡಗಿತು. ಮತ್ತೆ ಬರೆದೆ, ಈ ಸಲ ಶ್ರೀಕಾರವನ್ನು ಇನ್ನಷ್ಟು ಭಕ್ತಿಯಿಂದ. ಮತ್ತೆ ಕಮೋಡಿನಿಂದಲೇ ಶುರು! ಕಾಗದ ಮೆಟ್ಟಿಲಿಳಿದು ಬೀದಿಗೆ ಹೊರಟಿತು.

“ಶೇಟ್, ಆಸಾ ಗೀ ನಾ?” ಎಂದರು ನಾಯ್ಕರು. ಇದೆಯೋ ಇಲ್ಲವೋ, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಎದುರಿನಿಂದ ದೇಸಾಯರು, “ನಮ್ಮ ಏಣಿ ಕಳಿಸ್ಲೇನ್ರೀ?” ಎಂದು ಕೂಗಿದರು. ನಾಯ್ಕರು ಎದ್ದು ಅತ್ತಲೇ ನಡೆದರು.

ಅಷ್ಟರಲ್ಲಿ ಶೈಲಾ ಬಂದು ಪರದೆಯತ್ತ ಇಣುಕಿ ಹಣೆ ಬಡಿದುಕೊಂಡಳು. “ಇದೇನ್ರಿ ಅಪ್ಪಾ? ನಿಂತ ಗೀಟಿಗೆ ಇಲ್ಲಿ ‘ಅಥವಾ’ ಅಂತ ಅರ್ಥ. ನಿಮ್ಮ ಮೊದಲನೇ ಗೀಟಿನ ಹಿಂದ ಏನೂ ಇಲ್ಲ. ‘ಏನೂ ಇಲ್ಲ, ಅಥವಾ ಶ್ರೀ, ಅಥವಾ ಎಲ್ಬೋ’ ಅಂದಂಗಾತು. ಏನೂ ಇಲ್ಲದ್ದು ಎಲ್ಲಾದರಾಗೂ ಇರತೈತಿ. ಅದಕ್ಕ ಎಲ್ಲಾ ಬರಾಕತ್ತೈತಿ.” ಇಂಥ ಮಾತು ಮಠದಲ್ಲಿ ಕೇಳಿ ತಲೆದೂಗಿದ್ದೇನೆ, ಗಿರಾಕಿ ಕೈಜಾರುತ್ತಿರುವಾಗ ಕೇಳಿದ್ದು ಅದೇ ಮೊದಲು. ಸಾಲದ್ದಕ್ಕೆ ಆ ಗೀಟಿನ ಹೆಸರು ಪೈಪ್ ಅಂತೆ! ಅವಳು ಶ್ರೀಕಾರ ಅಳಿಸಿ ಬರೇ ಎಲ್ಬೋ ಒತ್ತಿದಳು. ಒಂದೇ ಸಾಲು ಬಂತು: ಏಣಿಯ ಹಿಂದಿನ ಚೀಲ. ಚೀಲಕ್ಕೆ ಕೈಹಾಕಿ, ಸಿಕ್ಕಷ್ಟು ಎಲ್ಬೋ ಹಿಡಿದು, ಕಾಗದದಲ್ಲಿ ಕಾಲು ಸಿಕ್ಕಿಸಿಕೊಳ್ಳುತ್ತ ಓಡಿ, ದೇಸಾಯರ ಮೆಟ್ಟಿಲ ಮೇಲೇ ನಾಯ್ಕರನ್ನು ಹಿಡಿದೆ. ವ್ಯಾಪಾರ ಉಳಿಯಿತು.

ಮಾನ ಉಳಿಯಲಿಲ್ಲ. “ಶ್ರೀಕಾರ ತಡಕೊಳ್ಳದ ಪೆಟ್ಟಿಗಿ ನನ್ನ ಅಂಗಡ್ಯಾಗ ಬ್ಯಾಡ, ಹೊರಗ ಹಾಕು” ಎಂದೆ. ಶೈಲಾ ಅದೇನೋ ಒಂದು ಸಾಲು ಸೇರಿಸಿ, “ನಾಳಿಂದ ಶ್ರೀಕಾರ ಹಾಕೇ ಬರೀರಿ” ಎಂದಳು. ಹಾಕಿದೆ. ಎಲ್ಬೋ ಕೇಳಿದರೆ ಎಲ್ಬೋ ಮಾತ್ರ ಬಂತು! ಕಂಪ್ಯೂಟರಿಗೂ ಸಂಸ್ಕಾರ ಕಲಿಸಿದೆ ಎಂದು ದೇಸಾಯರೆದುರು ತಿಂಗಳುಗಟ್ಟಲೆ ಕೊಚ್ಚಿಕೊಂಡೆ. ಹುಡುಕಾಟಕ್ಕೆ ಮುಂಚೆ ನನ್ನ ಶ್ರೀಕಾರವನ್ನು ಸದ್ದಿಲ್ಲದೆ ಒರೆಸಿಹಾಕುವುದೇ ಆ ಸಾಲಿನ ಕೆಲಸವೆಂದು ಗೊತ್ತಾದದ್ದು ಆಮೇಲೆ. ಹೆಂಡತಿಯ ಹತ್ತಿರ ದೂರಿಕೊಂಡರೆ, “ಒಂದು ಕಪ್ಪು ಚಾ ಕೇಳೂ ಮೊದಲ ನೀವು ಹೇಳೂ ಪುರಾಣಾನ ನಾನೂ ಹಂಗ ಒರಸ್ಕೋತ ಬಂದೇನಿ ಬಿಡ್ರಿ” ಎಂದಳು.

ಹಾಳಾಗಲಿ. ಈ ಬರಹದ ತಲೆಯ ಮೇಲೂ ದೊಡ್ಡದಾಗಿ ಶ್ರೀಕಾರ ಹಾಕಿಯೇ ಶುರುಮಾಡಿದ್ದೆ. ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟವಳು ಶೈಲಾ. ನಿಮಗೇನಾದರೂ ಕಂಡಿತೇ?