ಪಿಂಚಣಿಗೆ ಬಿದ್ದ ಎಡಗಣ್ಣು

ಅಂತರಘಟ್ಟಮ್ಮನ ಬಲಗಣ್ಣು ಸರ್ವೀಸಿಗೆ ಸೇರಿದ್ದು, ಎಡಗಣ್ಣು ಪಿಂಚಣಿಗೆ ಸೇರಿದ್ದು. ಮಗ ಮಾಲತೇಶ್ ಸೈನ್ಯದಲ್ಲಿ ಹವಾಲ್ದಾರನಾಗಿದ್ದಾಗ ಅವ್ವನ ಬಲಗಣ್ಣಿನ ಪೊರೆಯನ್ನು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಒಂದು ಕಾಸೂ ಖರ್ಚಿಲ್ಲದೆ ತೆಗೆಸಿದ್ದ. ಎಡಗಣ್ಣಿಂದು ಇನ್ನೂ ಬಲಿತಿಲ್ಲ, ಆಮೇಲೆ ನೋಡೋಣ ಅಂದಿದ್ದರು ಡಾಕ್ಟರು. ಪೊರೆ ತನ್ನ ಪಾಡಿಗೆ ಬಲಿಯುತ್ತಿರುವಾಗಲೇ ಮಾಲತೇಶನ ಇಪ್ಪತ್ತನಾಲ್ಕು ವರ್ಷದ ಸೇವೆ ಮುಗಿದು, ಅವನು ಹಾರ ಹಾಕಿಸಿಕೊಂಡು, ಕರಿ ಟ್ರಂಕಿನ ಸಮೇತ ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಇಳಿದುಬಿಟ್ಟ. (ಕಣ್ಣಿಗೆ ರೂಲ್ಸು ತಿಳಿಯುವುದಿಲ್ಲ ನೋಡಿ. ತಿಳಿದಿದ್ದರೆ ಎರಡೂ ಒಟ್ಟಿಗೇ ಬಲಿಯುತ್ತಿದ್ದವು.)

ನಿವೃತ್ತಿಯಾದ ಮೇಲೆ ಮಿಲಿಟರಿ ಆಸ್ಪತ್ರೆಯ ಹಳೇ ಕಾರ್ಡು ನಡೆಯುವುದಿಲ್ಲ. ಅದರ ಜಾಗಕ್ಕೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಮಾಡಿಸಬೇಕು. ಅದನ್ನು ಹಿಡಿದು ಶಿವಮೊಗ್ಗದ ಪಾಲಿಕ್ಲಿನಿಕ್ಕಿಗೆ ಹೋದರೆ ಅವರು ಚೀಟಿ ಕೊಡುತ್ತಾರೆ, ಚೀಟಿ ಹಿಡಿದು ದೊಡ್ಡಾಸ್ಪತ್ರೆಗೆ ಹೋಗಬೇಕು. ಹೆಂಡತಿ ಸುಚಿತ್ರಾಳ ಹೆಸರು ಸಲೀಸಾಗಿ ಸೇರಿತು. ತಾಯಿಯ ಹೆಸರು ಸೇರಲು ಮಾತ್ರ, ತಾನು ಸಂಪೂರ್ಣವಾಗಿ ಮಗನನ್ನೇ ಅವಲಂಬಿಸಿದ್ದೇನೆಂದು ಆಕೆಯೇ ಪ್ರಮಾಣ ಮಾಡಿ ಬರೆದುಕೊಡಬೇಕು, ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ನೋಡಿ ಹೌದೆನ್ನಬೇಕು.

ಮಾಲತೇಶ್ ಬೆಟ್ಟ ಹತ್ತಿದವನು, ಹಿಮ ತುಳಿದವನು. ಆದರೆ ಈ ವಿಷಯವನ್ನು ಅವ್ವನ ಮುಂದೆ ಎತ್ತುವುದಕ್ಕೆ ನಾಲ್ಕು ದಿನ ತೆಗೆದುಕೊಂಡ. ಯಾಕೆಂದರೆ ಅಂತರಘಟ್ಟಮ್ಮ ಗಂಡ ತೀರಿಕೊಂಡ ವರ್ಷದಿಂದ ಜೋಳದ ರೊಟ್ಟಿ ಬಡಿದು ಮಾರಿ ಸಂಸಾರ ತೂಗಿಸಿದವಳು. ಹಾಸ್ಟೆಲ್ಲಿಗೆ, ಮದುವೆ ಮನೆಗೆ, ಅಡುಗೆ ಬಾರದ ಮೇಷ್ಟ್ರುಗಳಿಗೆ ಅವಳದೇ ರೊಟ್ಟಿ. ಅದರಿಂದ ಬರುತ್ತಿದ್ದದ್ದು ಅವಲಂಬಿತರ ಆದಾಯಕ್ಕೆ ಸರ್ಕಾರ ಇಟ್ಟ ಮಿತಿಯ ಅರ್ಧದಷ್ಟೂ ಇರಲಿಲ್ಲ, ಹಾಗಾಗಿ ರೂಲ್ಸಿಗೇನೂ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ಅವಳ ಅಭಿಮಾನಕ್ಕೆ.

"ಯಾರು ಯಾರನ್ನ ಅವಲಂಬಿಸ್ಯಾರೆ ಅಂತ ಬರೀಬೇಕೋ?" ಅಂದಳು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. "ನಿನ್ನ ಸಾಕಿ ಮಿಲಿಟರಿಗೆ ಕಳಿಸಿದ್ದು ಈ ಕೈ. ಬಂದು ಮೂರು ತಿಂಗಳಾತು, ಕುಂತು ಉಣ್ಣೋದು ಯಾರು?"

ಬರೀ ಕಾಗದದ ಮೇಲೆ ಕಣವ್ವ ಎಂದು ಮಗ ಹಲ್ಲುಗಿಂಜಿದ. ಅದೇ ಅವನು ಮಾಡಿದ ತಪ್ಪು. ಪ್ರಮಾಣ ಅಂದರೆ ಪ್ರಮಾಣ, ಗುಡಿಯಲ್ಲಿ ಮಾಡಿದರೂ ಅಷ್ಟೇ ಕಾಗದದಲ್ಲಿ ಮಾಡಿದರೂ ಅಷ್ಟೇ, ಸುಳ್ಳು ಪ್ರಮಾಣ ಮಾಡಿದವರು ತಮ್ಮ ವಂಶದಲ್ಲಿ ಯಾರೂ ಇಲ್ಲ ಎಂದು ಅಂತರಘಟ್ಟಮ್ಮ ಅವನನ್ನು ಅಡುಗೆಮನೆಯಿಂದ ಆಚೆ ಕಳಿಸಿದಳು.

ವಾರ ಕಳೆಯಿತು. ಒಂದು ಬೆಳಿಗ್ಗೆ ಅವಳು ರೊಟ್ಟಿ ಮಗುಚಲು ಹೋಗಿ, ಒಂದೇ ಕಣ್ಣಿನ ನೋಟಕ್ಕೆ ರೊಟ್ಟಿಯ ಅಂಚು ಎಲ್ಲಿ ಹಂಚು ಎಲ್ಲಿ ತಿಳಿಯದೆ, ಕಾದ ಹಂಚನ್ನೇ ಹಿಡಿದುಬಿಟ್ಟಳು. ಮೂರು ಬೆರಳಿಗೆ ಬೊಬ್ಬೆ ಬಂದವು. ಅಯ್ಯೋ ಎಂದು ಕೂಡ ಅನ್ನದೆ ನೀರಿನ ಕೊಡದೊಳಗೆ ಕೈ ಅದ್ದಿಕೊಂಡು ನಿಂತ ಅವ್ವನನ್ನು ನೋಡಿ ಮಾಲತೇಶನಿಗೆ ನಿಜವಾಗಿ ಭಯವಾಯಿತು. ಇಷ್ಟು ದಿನ ಅವಳಿಗೆ ಎಷ್ಟು ಕಾಣುತ್ತಿತ್ತೋ, ಎಷ್ಟು ಅಂದಾಜಿನ ಮೇಲೆ ನಡೆಯುತ್ತಿತ್ತೋ ಅವನಿಗೆ ತಿಳಿದಿರಲೇ ಇಲ್ಲ. ಅವನು ಬೆರಳಿಗೆ ಮುಲಾಮು ಹಚ್ಚಿದ. ಹಚ್ಚಿದ ಬೆರಳಿಗೇ ಮಗ ಮತ್ತೆ ಮತ್ತೆ ಹಚ್ಚುತ್ತಿರುವುದು ಅವಳಿಗೆ ಗೊತ್ತಾಯಿತು. ನಡಿ, ಎಲ್ಲಿ ರುಜು ಹಾಕಬೇಕು ತೋರಿಸು ಅಂದಳು.

ನೋಟರಿ ವಕೀಲರು ಓದಿದರು: ಊಟ, ಬಟ್ಟೆ, ವಸತಿ ಹಾಗೂ ಜೀವನದ ಸಕಲ ಅಗತ್ಯಗಳಿಗೆ ನಾನು ನನ್ನ ಮಗನನ್ನೇ ಸಂಪೂರ್ಣವಾಗಿ ಅವಲಂಬಿಸಿರುತ್ತೇನೆ, ಸುಳ್ಳೆಂದು ಕಂಡುಬಂದಲ್ಲಿ ಶಿಕ್ಷೆಗೆ ಬದ್ಧಳಾಗಿರುತ್ತೇನೆ. ಅಂತರಘಟ್ಟಮ್ಮ ಎರಡನೇ ಸಲ ಓದಿಸಿದಳು. ಇದು ಯಾವತ್ತಿನಿಂದ ಜಾರಿ ಎಂದು ಕೇಳಿದಳು. ಇವತ್ತಿನಿಂದಲೇ ತಾಯಿ ಎಂದು ವಕೀಲರು ಆಕಳಿಸಿದರು. ಅವಳು ದೇವರಿಗೆ ಕೈ ಮುಗಿದು ರುಜು ಹಾಕಿದಳು.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ಇಲ್ಲ. ಮಾಲತೇಶ್ ಗಾಬರಿಯಾಗಿ ಎದ್ದು ಬಂದರೆ ಅವ್ವ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಳೆ.

"ಯಾಕವ್ವ, ಹುಷಾರಿಲ್ಲೇನು?"

"ಚೆನ್ನಾಗೇ ಇದೀನಿ. ಅವಲಂಬಿಸಿದೀನಿ, ಅಷ್ಟೆ."

ಮಗನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಂತರಘಟ್ಟಮ್ಮ ಸಾವಧಾನವಾಗಿ ವಿವರಿಸಿದಳು. ಹಾಸ್ಟೆಲ್ಲಿನವರು ಅರವತ್ತು ರೊಟ್ಟಿ ಹೇಳಿದ್ದಾರೆ. ತಾನು ಬಡಿದರೆ ಸಂಪಾದನೆ ತನ್ನದಾಗುತ್ತದೆ, ಪ್ರಮಾಣ ಸುಳ್ಳಾಗುತ್ತದೆ, ಹಾಗಾಗಿ ಅವನೇ ಬಡಿಯಬೇಕು. ಊಟ ಅಂತ ಬರೆದಿದೆ, ಆದ್ದರಿಂದ ಊಟ ಅವನೇ ಹಾಕಬೇಕು. ಬಟ್ಟೆ ಅಂತ ಬರೆದಿದೆ, ಒಗೆಯುವುದೂ ಅದರಲ್ಲೇ ಬಂತು. ಸಕಲ ಅನ್ನುವ ಮಾತೊಂದು ಇದೆಯಲ್ಲ, ಅದರ ವಿಚಾರ ಸಾಯಂಕಾಲ ನೋಡೋಣ. ಈ ವಯಸ್ಸಿನಲ್ಲಿ ಜೈಲಿಗೆ ಹೋಗಲು ತನಗೆ ಇಷ್ಟವಿಲ್ಲ.

ಮಾಲತೇಶ್ ಹೆಂಡತಿಯ ಕಡೆ ತಿರುಗಿದ. ಸುಚಿತ್ರಾ ಅಂಗನವಾಡಿ ಟೀಚರು. ಚಪ್ಪಲಿ ಮೆಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ ಹೊರಟೇ ನಿಂತಿದ್ದಳು.

"ನಾನೂ ಓದಿ ನೋಡಿದೆ ರೀ," ಅಂದಳು ತಣ್ಣಗೆ. "ಅದರಾಗೆ ನನ್ನ ಹೆಸರು ಎಲ್ಲೂ ಇಲ್ಲ."

ಹೀಗೆ ಹವಾಲ್ದಾರ್ ಮಾಲತೇಶರ ಎರಡನೇ ಸೇವಾವಧಿ ಶುರುವಾಯಿತು. ಮೊದಲ ರೊಟ್ಟಿ ಎತ್ತುವಾಗಲೇ ಎರಡು ತುಂಡಾಯಿತು. ಎರಡನೆಯದು ಹಂಚಿಗೆ ಅಂಟಿಕೊಂಡು, ಕಿತ್ತರೂ ಬರಲಿಲ್ಲ. ಎಸರು ಸಾಲದು, ಹಿಟ್ಟು ಇನ್ನೂ ನಾದು, ಕೈ ಅಗಲ ಮಾಡು, ಸೊಂಟ ನೆಟ್ಟಗಿಡು ಎಂದು ಮಂಚದಿಂದ ಆಜ್ಞೆಗಳು ಹೊರಡುತ್ತಿದ್ದವು. ನೂರಾರು ಹುಡುಗರಿಗೆ ಕವಾಯತು ಕಲಿಸಿದ ಮನುಷ್ಯ, ಮೀಸೆಯ ತುಂಬ ಹಿಟ್ಟು ಮಾಡಿಕೊಂಡು ಅವಕ್ಕೆಲ್ಲ ಹೂಂ ಅನ್ನುತ್ತಿದ್ದ. ದಿನಾ ನಾಲ್ಕು ರೊಟ್ಟಿ ಒಯ್ಯುವ ಪಕ್ಕದ ಮನೆ ಚಮನಬಿ ಬಾಗಿಲಲ್ಲೇ ನಿಂತು ನೋಡಿ, ಏನಕ್ಕ, ಮಿಲಿಟರಿಯವರು ನಿಮ್ಮನೆ ವಶ ಮಾಡಿಕೊಂಡರಾ ಎಂದು ಕೇಳಿದಳು. ಅಂದಿನ ರೊಟ್ಟಿಗೆ ಆಕೆ ಕಾಸು ಕೊಡಲಿಲ್ಲ, ಕೇಳುವ ಧೈರ್ಯ ಇವನಿಗೂ ಬರಲಿಲ್ಲ.

ಎರಡು ವಾರದ ನಂತರ ಗ್ರಾಮ ಆಡಳಿತಾಧಿಕಾರಿ ಅರುಣ್ ಕುಮಾರ್ ಪರಿಶೀಲನೆಗೆ ಬಂದರು. ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡೇ ಬಂದಿದ್ದರಂತೆ. ಪಡಸಾಲೆಯಲ್ಲಿ ತಾಯಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಾಳೆ, ಒಳಗೆ ಮಗ ಬೆವರು ಸುರಿಸುತ್ತ ರೊಟ್ಟಿ ಬಡಿಯುತ್ತಿದ್ದಾನೆ, ಹಿತ್ತಿಲ ತಂತಿಯ ಮೇಲೆ ತಾಯಿಯ ಸೀರೆ ಒಣಗುತ್ತಿದೆ, ಅದನ್ನು ಒಗೆದವನೂ ಅವನೇ. ಅರುಣ್ ಕುಮಾರ್ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಇಷ್ಟು ಅವಲಂಬಿಸಿದ ತಾಯಿಯನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದು ಹೇಳಿ, ಬರೆಯಬೇಕಾದ್ದನ್ನು ಬರೆದು, ಹತ್ತು ರೊಟ್ಟಿ ಕಟ್ಟಿಸಿಕೊಂಡು ಹೋದರು. (ಅಷ್ಟರಲ್ಲಿ ರೊಟ್ಟಿಗಳು ಉಬ್ಬಲು ಶುರುವಾಗಿದ್ದವು ಎಂಬುದನ್ನು ನ್ಯಾಯವಾಗಿ ಹೇಳಬೇಕು.)

ಕಾರ್ಡು ಬಂತು. ಪಾಲಿಕ್ಲಿನಿಕ್ಕಿನವರು ಚೀಟಿ ಕೊಟ್ಟರು. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಅವ್ವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮಾಲತೇಶ್ ಹೊರಗಿನ ಬೆಂಚಿನಲ್ಲಿ ಕೂತ. ಅವಳ ಕಣ್ಣೊಂದು ನೆಟ್ಟಗಾಗಲಿ, ಬೇರೇನೂ ಬೇಡ ಎಂದು ಎದುರಿಗೆ ಕಂಡ ಕ್ಯಾಲೆಂಡರಿನ ದೇವರಿಗೆಲ್ಲ ಬೇಡಿಕೊಂಡ.

ಮರುದಿನ ಪಟ್ಟಿ ಬಿಚ್ಚಿದರು. ಅಂತರಘಟ್ಟಮ್ಮ ಎರಡೂ ಕಣ್ಣು ಬಿಟ್ಟು ಮೊದಲು ಮಗನ ಮುಖವನ್ನೇ ನೋಡಿದಳು.

"ಎಷ್ಟು ಸೊರಗೀಯೋ ಮಗನೆ," ಅಂದಳು. "ತಲೆ ಕೂದಲೂ ಬೆಳ್ಳಗಾಗ್ಯಾವೆ."

ಮಾಲತೇಶ್ ಅವಳ ಕೈ ಹಿಡಿದುಕೊಂಡು ಹತ್ತಿರ ಕೂತ. ಅವ್ವನ ಮನಸ್ಸು ಇಷ್ಟು ಮೆತ್ತಗಿರುವಾಗಲೇ ಕೇಳಿಬಿಡಬೇಕು ಅನ್ನಿಸಿತು. ಕಣ್ಣಿನ ಕೆಲಸ ಆಯಿತು, ಕಾರ್ಡು ಯಾವುದಕ್ಕೆ ಬೇಕಿತ್ತೋ ಅದೂ ಆಯಿತು, ಇನ್ನು ಆ ಪ್ರಮಾಣವನ್ನು ಅಷ್ಟಕ್ಕೇ ಬಿಟ್ಟುಬಿಡಬಹುದಲ್ಲವ್ವ ಎಂದು ನಯವಾಗಿ ಕೇಳಿದ. ಅವಳು ಯೋಚನೆ ಮಾಡಿದಳು. ಬಿಡಬಹುದೇನೋ, ತಿಳಿದವರನ್ನು ಒಂದು ಮಾತು ಕೇಳೋಣ ಅಂದಳು.

ಕಣ್ಣಿನ ಹನಿಗಾಗಿ ಪಾಲಿಕ್ಲಿನಿಕ್ಕಿಗೆ ಹೋದಾಗ, ಕೌಂಟರಿನಲ್ಲಿದ್ದ ನಿವೃತ್ತ ಸುಬೇದಾರರ ಮುಂದೆ ಅಂತರಘಟ್ಟಮ್ಮ ಕಾರ್ಡು ಹಿಡಿದಳು.

"ಸಾಹೇಬ್ರೆ, ಇದು ಎಲ್ಲಿಗಂಟ ನಡೀತೈತೆ?"

ಸುಬೇದಾರರು ಎದ್ದು ನಿಂತು, ಎದೆ ಉಬ್ಬಿಸಿಕೊಂಡು, ಹಬ್ಬದ ಸುದ್ದಿ ಹೇಳುವವರ ಹಾಗೆ ಹೇಳಿದರು. "ಚಿಂತೆ ಬಿಡಿ ತಾಯಿ. ನೀವು ಮಗನನ್ನ ಅವಲಂಬಿಸಿರೋವರೆಗೂ ನಡೀತೈತೆ. ಜೀವನಪರ್ಯಂತ ಬೇಕಾದ್ರೂ."

ಅಂತರಘಟ್ಟಮ್ಮ ಕಾರ್ಡನ್ನು ಜೋಪಾನವಾಗಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಕೈಚೀಲವನ್ನು ಮಗನ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿನ ಕಡೆ ಹೊರಟಳು.

"ನಾಳೆ ಹಾಸ್ಟೆಲ್ಲಿಗೆ ಎಂಬತ್ತು ಹೇಳಿದಾರೆ," ಅಂದಳು. "ಹಿಟ್ಟು ಸ್ವಲ್ಪ ನೋಡಿಕೊಂಡು ಜರಡಿ ಹಿಡಿಯಪ್ಪ. ಇಷ್ಟು ದಿನ ನಡೀತು. ಇನ್ನು ನನಗೆ ಎಲ್ಲ ಕಾಣ್ತೈತೆ."