ತಕ್ಕಡಿ ಕೇಳಲು ಹೋದ ಸಂದರ್ಶನ

ನಮ್ಮ ಬಸಪ್ಪ ಕಾಕಾ ಅವರ ತಕ್ಕಡಿ ನಾಲ್ಕು ತಿಂಗಳಾದರೂ ಮರಳಿ ಬಾರದಿರುವುದಕ್ಕೆ, ಮಿರಜದ ಹೊರಗೆ ಡೇರೆ ಹಾಕಿರುವ ಸೈನ್ಯದ ಪಲಟಣಿನ ಅಧಿಕಾರಿಗಳೇ ನೇರ ಹೊಣೆಗಾರರು. ಇದನ್ನು ಯಾವ ಮುಲಾಜೂ ಇಲ್ಲದೆ ಬರೆಯುತ್ತಿದ್ದೇನೆ. ಬರೆಯುವಾಗ ನನಗೆ ಯಾರ ಮುಲಾಜೂ ಇರುವುದಿಲ್ಲ. ಎದುರಿಗೆ ನಿಂತಾಗ ಮಾತ್ರ ಸ್ವಲ್ಪ ತೊಂದರೆಯಾಗುತ್ತದೆ. ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರದ ಅಧ್ಯಾಪಕರ ವಾದವನ್ನು ತುಂಬಿದ ತರಗತಿಯಲ್ಲಿ ಖಂಡಿಸಿದ್ದೇನೆ. ತರಗತಿ ಮುಗಿದ ಮೇಲೆ ಅವರ ಕೊಡೆಯನ್ನು ಅವರ ಮನೆಯವರೆಗೆ ಹೊತ್ತೂ ಇದ್ದೇನೆ.

ಮಿರಜದ ಪೇಟೆಯಲ್ಲಿ ಕಾಕಾ ಅವರದು ಕಾಳಿನ ಅಂಗಡಿ. ರೇಶನ್ ತೂಗಲು ಎಂಟು ದಿನದ ಮಟ್ಟಿಗೆ ಬೇಕೆಂದು ಸಿಪಾಯಿಗಳು ಬಂದು ದೊಡ್ಡ ತಕ್ಕಡಿಯನ್ನು ಒಯ್ದರು. ಅವಸರದಲ್ಲಿ ತೂಕದ ಕಲ್ಲುಗಳನ್ನು ಮರೆತರು. ಅಂದಿನಿಂದ ಹತ್ತಿರದ ಖಂಡೇರಾಜುರಿ ಹಳ್ಳಿಯ ಗಿರಾಕಿ ಬಂದರೂ ಕಾಕಾ ಚೀಲ ಹೊರಿಸಿಕೊಂಡು ಎದುರಿನ ಮಲ್ಲಪ್ಪನ ಅಂಗಡಿಗೆ ತೂಗಲು ಹೋಗಬೇಕು. "ಬಸಪ್ಪಣ್ಣಾ, ತೂಕಾ ನಮ್ಮ ಕಡೆ ಆತು, ವ್ಯಾಪಾರಾನೂ ಇಲ್ಲೇ ಮುಗಿಸಿಬಿಡ್ರಲ್ಲಾ" ಎಂದು ಮಲ್ಲಪ್ಪ ನಗುತ್ತಾನೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಈ ಸಲಹೆಯನ್ನು ಆಗಲೇ ಸ್ವೀಕರಿಸಿದ್ದಾರೆ.

ಸಾಂಗಲಿಯ ವಾರಪತ್ರಿಕೆಯೊಂದಕ್ಕೆ ಬರೆಯುವ ನಾನು ಪಲಟಣಿನ ಕ್ಯಾಪ್ಟನ್ ಸಾಹೇಬರ ಸಂದರ್ಶನವನ್ನು ಗೊತ್ತುಮಾಡಿಕೊಂಡೆ. ಹನ್ನೊಂದು ಪ್ರಶ್ನೆಗಳನ್ನು ಬರೆದೆ. ಮೊದಲನೆಯದು: "ಪ್ರಜೆಯ ಸೊತ್ತನ್ನು ಯಾವ ಅಧಿಕಾರದಿಂದ ಒಯ್ದಿರಿ?"

ಕಾಕಾ ಅದನ್ನು ಕೇಳಿ ಬಾಯಿಯ ಅಡಿಕೆ ಉಗುಳಿದರು. "ಹುಚ್ಚ ಅದಿಯೇನ ತಮ್ಮಾ? ದೊಡ್ಡವರಿಗೆ ಯಾಕ ಮಾಡಿದ್ರಿ ಅಂತ ಕೇಳತಾರೇನ? ಹಿಂಗ ಆಗೇತ್ರಿ ಅಂತ ಹೇಳಿ ಸುಮ್ನ ನಿಂದ್ರಬೇಕು. ಅವರು ಕುಂದ್ರು ಅಂದ್ರೂ ಕುಂದ್ರಬ್ಯಾಡ. ಏಳೂಮುಂದ..."

"ಕೂಡದೆ ಏಳುವುದು ಹೇಗ್ರಿ ಕಾಕಾ?"

"ಹೊಂಡೂಮುಂದ ಅನ್ನಲೇ! ನಮ್ಮಿಂದ ಏನರ ಸೇವಾ ಇದ್ರ ಹೇಳ್ರಿ ಅಂತ ಕೇಳಿ ಬರಬೇಕು. ನಮ್ಮಪ್ಪ ಹಂಗ ಕೇಳದ ಯಾವ ಮನಿ ಹೊಸ್ತಿಲಾನೂ ದಾಟಿಲ್ಲ."

ಕಾಕಾ ಮಿರಜ ಸಂಸ್ಥಾನದ ದಸರೆಯ ದರಬಾರವನ್ನು ಬಾಗಿಲಿನ ಆಚೆಯಿಂದ ಎರಡು ಸಲ ಕಂಡವರು. ಮರ್ಯಾದೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರ ಮಾತೇ ಪ್ರಮಾಣ. ನಾನು ಈ ದಾಸ್ಯಬುದ್ಧಿಯನ್ನು ಕಟುವಾಗಿ ಖಂಡಿಸಿ, ಅವರ ರುಮಾಲನ್ನೇ ತಲೆಗೆ ಸುತ್ತಿಕೊಂಡು ಹೊರಟೆ.

ಡೇರೆಯಲ್ಲಿ ಕ್ಯಾಪ್ಟನ್ ಸಾಹೇಬರು ಗರ್ಜಿಸುತ್ತಾರೆಂದು ಸಿದ್ಧನಾಗಿದ್ದೆ. ಅವರು ಬೆಳಗಾವಿಯ ಕಡೆಯವರು. "ಬರ್ರಿ, ಕುಂದ್ರಿ, ಚಹಾ ತಗೋರಿ" ಎಂದರು. ಇಂಥ ಅನ್ಯಾಯಕ್ಕೆ ನಾನು ಸಿದ್ಧನಾಗಿರಲಿಲ್ಲ. ನಾನು ಕೂಡಲಿಲ್ಲ. ಅತಿಥಿ ನಿಂತಿರುವನೆಂದು ಅವರೂ ಎದ್ದು ನಿಂತರು. ಅವರು ಎದ್ದುದರಿಂದ ನಾನು ಇನ್ನಷ್ಟು ಬಾಗಿದೆ.

"ಸಾಹೇಬ ಬಹಾದ್ದೂರರೇ," ಎಂದು ಮೊದಲನೆಯ ಪ್ರಶ್ನೆಯನ್ನು ಎತ್ತಿದೆ, "ನಮ್ಮ ಕಾಕಾ ಅವರ ತಕ್ಕಡಿ ತಮ್ಮ ಸನ್ನಿಧಿಗೆ ಬಂದು ನಾಲ್ಕು ತಿಂಗಳಾಯಿತು."

"ಹೌದ್ರಿ," ಎಂದರು. "ಭಾಳ ಚಲೋ ತಕ್ಕಡಿ."

"ಅದು ನಮ್ಮ ಭಾಗ್ಯ," ಎಂದೆ. ಉಳಿದ ಹತ್ತು ಪ್ರಶ್ನೆಗಳು ಕಿಸೆಯಲ್ಲಿ ಬೆವರಿನಿಂದ ಒದ್ದೆಯಾದವು. ಇಬ್ಬರೂ ನಿಂತುಕೊಂಡೇ ಚಹಾ ಕುಡಿದೆವು. ಹೊರಡುವಾಗ ಒಂದು ಮಾತನ್ನಾದರೂ ಖಡಾಖಂಡಿತವಾಗಿ ಆಡಬೇಕೆಂದು ಬಾಗಿಲಲ್ಲಿ ತಿರುಗಿ ನಿಂತೆ. ಬಾಯಿಂದ ಹೊರಟದ್ದು ಅಜ್ಜನ ಮಾತು: "ನಮ್ಮಿಂದ ಏನರ ಸೇವಾ ಇದ್ರ ಹೇಳ್ರಿ."

ಸಾಹೇಬರು ಕ್ಷಣಕಾಲ ಯೋಚಿಸಿದರು. "ಅದಕ್ಕ ಕಲ್ಲ ಇಲ್ಲಲ್ರಿ. ನಾಕ ತಿಂಗಳಾತು, ಸುಮ್ನ ಬಿದ್ದೈತಿ. ಕಳಿಸಿಕೊಟ್ರ ಭಾಳ ಉಪಕಾರ ಆಗತೈತಿ."

ಬಳಸದ ತಕ್ಕಡಿಯನ್ನು ಮರಳಿ ಕೇಳಬಹುದಿತ್ತೆಂಬ ತರ್ಕ ನನಗೆ ಹೊಳೆದದ್ದು ಅಂಗಡಿಯ ಮೆಟ್ಟಿಲಲ್ಲಿ. ಕಾಕಾ ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. "ಕುಂತಿದ್ಯೇನ?" ಎಂದು ಕೊನೆಗೆ ಕೇಳಿದರು. ಇಲ್ಲವೆಂದೆ. "ಮಾತ ಕೊಟ್ಟಿ. ಒಯ್ದ ಕೊಡು," ಎಂದು ಕಲ್ಲುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದರು. ಟಾಂಗಾದಲ್ಲಿ ಅವನ್ನು ನಾನೇ ಮುಟ್ಟಿಸಿ ಬಂದೆ. ಎದುರಿನ ಅಂಗಡಿಯಿಂದ ಮಲ್ಲಪ್ಪ ನನ್ನನ್ನು ಕಂಡು, "ಸಾಹೇಬ್ರ, ನಮ್ಮ ಅಂಗಡೀಗೂ ಒಮ್ಮಿ ಬರ್ರಿ, ಆದ್ರ ಹೊಂಡೂಮುಂದ ಏನೂ ಒಯ್ಯದ ಬರೇ ಕೈಲೆ ಹೋಗ್ರಿ" ಎಂದು ಕೂಗಿದ.

ಆದಕಾರಣ, ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ಸದರಿ ತಕ್ಕಡಿಯನ್ನೂ ಕಲ್ಲುಗಳನ್ನೂ ಎಂಟು ದಿನಗಳೊಳಗೆ ಬಸಪ್ಪ ಕಾಕಾ ಅವರ ಅಂಗಡಿಗೆ ತಲುಪಿಸಬೇಕು, ಈ ವಿಳಂಬಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಉತ್ತರವನ್ನು ದಯವಿಟ್ಟು ಟಪಾಲಿನಲ್ಲಿಯೇ ಕಳಿಸಿರಿ. ಯಾವ ಕಾರಣಕ್ಕೂ ನನ್ನನ್ನು ಖುದ್ದಾಗಿ ಕರೆಸಬೇಡಿರಿ. ಅಂಗಡಿಯಿಂದ ಒಯ್ದು ಕೊಡಲು ಇನ್ನು ಕಾಕಾ ಕೂಡುವ ಗಾದಿಯೊಂದೇ ಉಳಿದಿದೆ.